ಮೈಕಿನ ಮುಂದೆ ಮಾತು ನಿಂತರೆ: ಸಭಾಕಂಪನದ ದೋಷ ಪತ್ತೆ ಮಾಡುವುದು ಹೇಗೆ?

ಸಭೆಯಲ್ಲಿ ಮಾತಾಡಲು ಹೆದರುವವರಲ್ಲಿ ಹೆಚ್ಚಿನವರು ‘ನನಗೆ ಹೆದರಿಕೆ’ ಎಂದು ಹೇಳುವುದೇ ಇಲ್ಲ. ‘ಗಂಟಲು ಸರಿ ಇಲ್ಲ ಮಾಷ್ಟ್ರೇ’ ಎನ್ನುತ್ತಾರೆ. ‘ನಾನು ಊಟದ ವ್ಯವಸ್ಥೆ ನೋಡಿಕೊಳ್ತೇನೆ, ಮಾತಿಗೆ ಬೇರೆ ಯಾರನ್ನಾದರೂ ಹಾಕಿ’ ಎನ್ನುತ್ತಾರೆ. ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಲೈಬ್ರರಿ ಕೂಟ, ಶಾಲಾ ವಾರ್ಷಿಕೋತ್ಸವ, ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಯಾರಿಗೆ ಯಾವ ಮಾತು ಎಂದು ಹಂಚುವ ಕೆಲಸ ವರ್ಷಗಟ್ಟಲೆ ಮಾಡಿದವನು ನಾನು. ಇಂಥ ಉತ್ತರಗಳೆಲ್ಲ ಬಾಯಿಪಾಠ ಆಗಿವೆ.

ಇದರ ತಿರುಗುಮುರುಗು ಕೂಡ ಉಂಟು. ಹೆದರಿಕೆಯೇ ಇಲ್ಲದ ಕಡೆ ‘ಅವನಿಗೆ ಸಭಾಕಂಪನ’ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ತಯಾರಿ ಇಲ್ಲದ್ದು, ಭಾಷೆ ಕೈಗೂಡದ್ದು, ಮೈಕ್ ಕೆಟ್ಟದ್ದು ಎಲ್ಲವೂ ಒಂದೇ ಲೆಕ್ಕಕ್ಕೆ. ಪಂಪ್ ನೀರು ಎತ್ತುತ್ತಿಲ್ಲ ಎಂದರೆ ಕರೆಂಟ್ ಉಂಟಾ, ಬಾವಿಯಲ್ಲಿ ನೀರು ಉಂಟಾ, ಫುಟ್‌ವಾಲ್ವ್ ಸರಿ ಉಂಟಾ ಎಂದು ನೋಡಿಯೇ ಮೋಟಾರಿಗೆ ಕೈ ಹಾಕುವುದಲ್ವಾ? ಇಲ್ಲೂ ಅದೇ ಕ್ರಮ. ಮದ್ದು ಆಮೇಲೆ.

ನಡುಕ ಇದ್ದ ಮಾತ್ರಕ್ಕೆ ದೋಷವಲ್ಲ

ಕೈ ನಡುಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಬಾಯಿ ಒಣಗುತ್ತದೆ. ಹೆಸರು ಕರೆಯುವ ಹೊತ್ತಿಗೆ ಸರಿಯಾಗಿ ಮೂತ್ರಕ್ಕೆ ಅವಸರವಾಗುತ್ತದೆ. ಇಷ್ಟೇ ಆಗಿದ್ದರೆ ರಿಪೇರಿ ಮಾಡುವಂಥದ್ದು ಏನೂ ಇಲ್ಲ.

ಅಷ್ಟು ಜನ ಒಟ್ಟಿಗೆ ನಮ್ಮನ್ನೇ ನೋಡುವಾಗ ಮೈ ಅದನ್ನು ಅಪಾಯ ಎಂದೇ ತಿಳಿಯುತ್ತದೆ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ, ಕೈಕಾಲಿನ ಸ್ನಾಯುಗಳಿಗೆ ರಕ್ತ ಜಾಸ್ತಿ ಹೋಗುತ್ತದೆ. ಜೊಲ್ಲು ಕಡಿಮೆಯಾಗುತ್ತದೆ, ಜೀರ್ಣದ ಕೆಲಸ ನಿಧಾನವಾಗುತ್ತದೆ. ಓಡಿ ಪಾರಾಗಬೇಕಾದವನಿಗೆ ಆ ಹೊತ್ತಿನಲ್ಲಿ ಅವೆರಡೂ ಬೇಡ. ಉಸಿರು ಹೊಟ್ಟೆ ಬಿಟ್ಟು ಎದೆಗೆ ಏರುತ್ತದೆ, ಗಂಟಲು ಬಿಗಿಯುತ್ತದೆ, ಸ್ವರ ನಡುಗುತ್ತದೆ. ಬೇಗ ಬೇಗ ಉಸಿರೆಳೆದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಬೆರಳ ತುದಿ ಜುಮ್ ಎನ್ನುತ್ತದೆ, ತಲೆ ಒಂದು ಥರ ಹಗುರ ಆಗುತ್ತದೆ. ‘ಬಿದ್ದೇಬಿಡುತ್ತೇನೆ’ ಎಂದು ಅದಕ್ಕೇ ಇನ್ನಷ್ಟು ಹೆದರುವವರಿದ್ದಾರೆ.

ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಒಂದು ಪರೀಕ್ಷೆ ರೂಪಿಸಿದರು. ಪ್ರಯೋಗಾಲಯದಲ್ಲಿ ಮನುಷ್ಯರಿಗೆ ಖಾತ್ರಿಯಾಗಿ ಒತ್ತಡ ತರಿಸುವುದು ಹೇಗೆ ಎಂಬುದು ಪ್ರಶ್ನೆ. ಶಾಕ್ ಕೊಡಲಿಲ್ಲ, ಹಾವು ತೋರಿಸಲಿಲ್ಲ. ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂತ ಮೂರು ಜನರ ಮುಂದೆ 5 ನಿಮಿಷ ಮಾತಾಡಿಸಿದರು, ಮತ್ತೆ 5 ನಿಮಿಷ ಬಾಯಿಲೆಕ್ಕ ಮಾಡಿಸಿದರು. ಅಷ್ಟಕ್ಕೇ ಹೆಚ್ಚಿನವರಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರಿತು. ಸಂಶೋಧಕರು ಇವತ್ತಿಗೂ ಆ ಪರೀಕ್ಷೆಯನ್ನು ಬಳಸುತ್ತಾರೆ. ನಮ್ಮ ಶಾಲಾ ಸ್ಪರ್ಧೆಗಳ ತೀರ್ಪುಗಾರರೂ ಮುಖ ಗಂಟು ಹಾಕಿಕೊಂಡೇ ಕೂರುತ್ತಾರೆ ಎಂಬುದು ಸುಮ್ನೆ ನೆನಪಾಯಿತು.

ಹಾಗಾಗಿ ನಡುಕ ನೋಡಿ ತೀರ್ಮಾನಕ್ಕೆ ಬರಬೇಡಿ. ನಡುಗುತ್ತಲೇ ಹೋಗಿ ಮಾತು ಮುಗಿಸಿ ಬಂದವರು ಸರಿಯಾಗಿಯೇ ಇದ್ದಾರೆ. ನಡುಗದೆ, ಬೆವರದೆ, ನಗುನಗುತ್ತಾ ಮೈಕನ್ನು ಪಕ್ಕದವರಿಗೆ ದಾಟಿಸುವವರ ಕಡೆ ಸ್ವಲ್ಪ ನೋಡಿ.

ಮುಖ್ಯ ಪರೀಕ್ಷೆ: ಏನನ್ನು ತಪ್ಪಿಸಿಕೊಳ್ಳುತ್ತಿದ್ದೀರಿ?

ಹೆದರಿಕೆಯನ್ನು ಅದರ ವೇಷದಲ್ಲೇ ಹಿಡಿಯಬೇಕು. ನಾನು ನೋಡಿದ ವೇಷಗಳು ಕೆಲವು: ಹೆಸರು ಕರೆಯುವ ಹೊತ್ತಿಗೆ ಫೋನ್ ಬರುವುದು. ತಮ್ಮ ಸರದಿ ದಾಟಿದ ಮೇಲೆ ಬಂದು ‘ಬಸ್ಸು ಸಿಗಲಿಲ್ಲ’ ಎನ್ನುವುದು. ಕುರ್ಚಿ ಜೋಡಿಸುವುದು, ಬ್ಯಾನರ್ ಕಟ್ಟುವುದು, ಚಾ ಹಂಚುವುದು ಎಲ್ಲದಕ್ಕೂ ಮುಂದೆ, ಮೈಕಿಗೆ ಮಾತ್ರ ಹಿಂದೆ. ‘ಹೊಸ ಮಕ್ಕಳಿಗೆ ಅವಕಾಶ ಕೊಡೋಣ’ ಎಂಬ ದೊಡ್ಡ ಮನಸ್ಸು. ಭಾಷಣ ಮಾಡುವವರನ್ನೆಲ್ಲ ‘ಬಾಯಿಬಡುಕರು’ ಎಂದು ತಮಾಷೆ ಮಾಡುವುದೂ ಕೆಲವೊಮ್ಮೆ ಇದೇ.

ಒಂದು ಕುಟುಂಬಶ್ರೀ ಕೂಟದಲ್ಲಿ ವರದಿ ಬರೆಯುವ ಒಬ್ಬರು ಅಕ್ಕ ಇದ್ದರು. ಅಕ್ಷರ ಮುತ್ತಿನ ಹಾಗೆ. ಯಾರು ಎಷ್ಟು ಸಾಲ ತೆಗೆದರು, ಯಾರ ಕಂತು ಬಾಕಿ, ಎಲ್ಲ ಚೊಕ್ಕ. ಓದಿ ಎಂದರೆ ಮಾತ್ರ ಪುಸ್ತಕವನ್ನು ಪಕ್ಕದವರ ಮಡಿಲಿಗೆ ಜಾರಿಸಿ, ‘ಕನ್ನಡಕ ಮನೆಯಲ್ಲಿ ಬಾಕಿ ಆಯ್ತು’ ಎನ್ನುತ್ತಿದ್ದರು. ಕನ್ನಡಕದ ಡಬ್ಬಿ ಅವರದೇ ಚೀಲದ ಬಾಯಿಯಲ್ಲಿ ಕಾಣುತ್ತಿತ್ತು. ಕನ್ನಡಕ ಇಲ್ಲದೆ ಅಷ್ಟು ಹೊತ್ತು ಬರೆದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಒಳ್ಳೆಯದು. ನಾಲ್ಕು ಜನರ ಎದುರು ಹಿಡಿದುಬಿಟ್ಟರೆ ಮುಂದಿನ ವಾರ ಅವರು ಕೂಟಕ್ಕೇ ಬರುವುದಿಲ್ಲ.

ನಿಜವಾದ ಅಡ್ಡಿ ಯಾವುದು, ನೆವ ಯಾವುದು ಎಂದು ತಿಳಿಯುವುದು ಸುಲಭ. ಅಡ್ಡಿಯನ್ನು ತೆಗೆದು ನೋಡಿ. ಗಂಟಲು ಸರಿ ಇಲ್ಲದಿದ್ದರೆ ಮುಂದಿನ ತಿಂಗಳು ಮಾತಾಡಿ. ಬಸ್ಸಿನ ತೊಂದರೆ ಇದ್ದರೆ ಬೈಕಿನಲ್ಲಿ ಕರೆದುಕೊಂಡು ಬರುತ್ತೇವೆ. ಒಂದು ಅಡ್ಡಿ ತೆಗೆದ ಕೂಡಲೇ ಇನ್ನೊಂದು ಹುಟ್ಟಿಕೊಂಡರೆ ಅದು ನೆವ.

ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯದು ಒಂದಿದೆ. ನೀವು ಮಾತಾಡಬೇಕಿದ್ದ ಕಾರ್ಯಕ್ರಮ ಮಳೆ ಬಂದು ನಿಂತುಹೋಯಿತು ಎಂದು ಫೋನ್ ಬಂತು ಎಂದಿಟ್ಟುಕೊಳ್ಳಿ. ಮೊದಲ ಕ್ಷಣಕ್ಕೆ ಏನನಿಸುತ್ತದೆ? ‘ಛೆ’ ಎಂದರೆ ಒಂದು, ‘ಅಬ್ಬ’ ಎಂದರೆ ಇನ್ನೊಂದು. ಎರಡೂ ಒಟ್ಟಿಗೆ ಬರುವುದೂ ಉಂಟು. ಆದರೆ ‘ಅಬ್ಬ’ ಎಂದು ಮೈಯೆಲ್ಲ ಹಗುರವಾಗಿ, ಆ ರಾತ್ರಿ ಊಟ ರುಚಿಯಾಗಿ, ನಿದ್ದೆ ಚೆನ್ನಾಗಿ ಬಂದರೆ ಹೆದರಿಕೆ ಇದೆ, ಹೆಸರು ಏನೇ ಇಟ್ಟುಕೊಳ್ಳಿ.

ಹೆದರಿಕೆ ಬೆಳೆಯುವುದೂ ಆ ‘ಅಬ್ಬ’ದಿಂದಲೇ. ತಪ್ಪಿಸಿಕೊಂಡಾಗ ಸಿಗುವ ಸಮಾಧಾನವನ್ನು ಮಿದುಳು ಬಹುಮಾನ ಎಂದು ನೆನಪಿಟ್ಟುಕೊಳ್ಳುತ್ತದೆ. ಮಾತಾಡಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ತಿಳಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಮುಂದಿನ ಸಲ ನೆವ ಇನ್ನೂ ಬೇಗ ಬಾಯಿಗೆ ಬರುತ್ತದೆ.

ಎಲ್ಲರೂ ಭಾಷಣ ಮಾಡಲೇಬೇಕು ಎಂದೇನೂ ಇಲ್ಲ. ಇಷ್ಟವಿಲ್ಲದೆ ಸುಮ್ಮನಿರುವವರಿಗೆ ಅದರಿಂದ ಏನೂ ನಷ್ಟವಿಲ್ಲದಿದ್ದರೆ ಅವರ ಪಾಡಿಗೆ ಬಿಡಿ. ನಷ್ಟ ಉಂಟಾ ಎಂಬುದಷ್ಟೇ ಪ್ರಶ್ನೆ. ಗ್ರಾಮಸಭೆಯಲ್ಲಿ ಮನೆಯ ಅರ್ಜಿಯ ವಿಷಯ ಎತ್ತದೆ ವಾಪಸ್ ಬಂದದ್ದು, ಇಂಟರ್‌ವ್ಯೂ ಇದೆ ಎಂದು ಕೆಲಸಕ್ಕೆ ಅರ್ಜಿಯನ್ನೇ ಹಾಕದ್ದು, ಮಗಳ ಶಾಲೆಯ ಪಿಟಿಎ ಮೀಟಿಂಗಿಗೆ ಹೋಗದ್ದು, ಇವೆಲ್ಲ ನಷ್ಟ.

ಬಾಯಿಪಾಠದ ದೋಷ

ಇದು ಮಕ್ಕಳಲ್ಲಿ ಜಾಸ್ತಿ. ಸ್ವಾತಂತ್ರ್ಯ ದಿನಕ್ಕೆ ಟೀಚರೋ ಅಪ್ಪನೋ ಎರಡು ಪುಟ ಬರೆದುಕೊಡುತ್ತಾರೆ. ಮಗು ಅಕ್ಷರ ಬಿಡದೆ ಕಲಿಯುತ್ತದೆ. ವೇದಿಕೆಯಲ್ಲಿ ಒಂದು ಪದ ತಪ್ಪಿತು, ಅಲ್ಲಿಗೆ ಎಲ್ಲ ನಿಂತಿತು. ಮಗು ಕಣ್ಣು ಮೇಲೆ ಮಾಡಿ ಹಿಂದಿನ ವಾಕ್ಯದಿಂದ ಪುನಃ ಶುರು ಮಾಡುತ್ತದೆ, ಅದೇ ಜಾಗದಲ್ಲಿ ಪುನಃ ನಿಲ್ಲುತ್ತದೆ. ‘ಪಾಪ, ಹೆದರಿತು’ ಎಂದು ಚಪ್ಪಾಳೆ ಹೊಡೆಯುತ್ತೇವೆ.

ಪರೀಕ್ಷೆ ಹೀಗೆ. ಮನೆಯಲ್ಲೇ, ಯಾರೂ ಇಲ್ಲದಾಗ, ‘ಎರಡನೇ ಪುಟದ ನಡುವಿನಿಂದ ಹೇಳು’ ಎನ್ನಿ. ಬರಲಿಲ್ಲವೋ, ದೋಷ ಬಾಯಿಪಾಠದ್ದು. ‘ಗಾಂಧೀಜಿ ಬಗ್ಗೆ ಏನು ಹೇಳಿದೆ, ನಿನ್ನ ಮಾತಿನಲ್ಲಿ ಹೇಳು’ ಎನ್ನಿ. ಹೇಳಿದರೆ ಆ ಮಾತನ್ನೇ ವೇದಿಕೆಗೆ ಕಳಿಸಿ, ಪುಟವನ್ನು ಹರಿದುಬಿಡಿ. ಮನೆಯಲ್ಲಿ ಎಲ್ಲಿಂದ ಕೇಳಿದರೂ ಸಲೀಸಾಗಿ ಹೇಳುವ ಮಗು ಹತ್ತು ಜನರ ಎದುರು ಮಾತ್ರ ನಿಲ್ಲುತ್ತದೆ ಎಂದಾದರೆ ಹೆದರಿಕೆಯ ಕಡೆ ಹೋಗಬಹುದು.

ದೊಡ್ಡವರಲ್ಲಿ ಇದೇ ದೋಷ ಸ್ವಾಗತ ಭಾಷಣದಲ್ಲಿ ಕಾಣುತ್ತದೆ. ಹೊಸಬರಿಗೆ ‘ಸುಲಭ’ ಎಂದು ಸ್ವಾಗತವನ್ನೋ ಧನ್ಯವಾದವನ್ನೋ ಕೊಡುವ ಪದ್ಧತಿ ನಮ್ಮಲ್ಲಿ ಎಲ್ಲಾ ಕಡೆ ಉಂಟು. ನನ್ನ ಪ್ರಕಾರ ಅದು ಪೂರ್ತಿ ತಪ್ಪು. ಹದಿನೈದು ಇಪ್ಪತ್ತು ಹೆಸರು, ಅದರ ಜೊತೆ ಬಿರುದು, ಹುದ್ದೆ. ಒಂದು ಬಿಟ್ಟರೂ ಆ ಮನುಷ್ಯ ಎದುರಿಗೇ ಮುಖ ಸಣ್ಣ ಮಾಡಿ ಕೂತಿರುತ್ತಾನೆ. ಧನ್ಯವಾದ ಹೇಳುವವರ ಕಥೆ ಇನ್ನೂ ಕಷ್ಟ. ಎರಡು ಗಂಟೆ ಹೊಟ್ಟೆಯಲ್ಲಿ ಕಲಸಿಕೊಂಡು ಕೂತು, ಜನ ಎದ್ದು ಹೋಗುವಾಗ ಮಾತಾಡಬೇಕು. ಹೊಸಬರಿಗೆ ತಮಗೆ ಗೊತ್ತಿರುವ ಒಂದೇ ವಿಷಯದ ಮೇಲೆ ಎರಡು ನಿಮಿಷ ಕೊಡಿ, ಅದೂ ಕಾರ್ಯಕ್ರಮದ ಮೊದಲ ಭಾಗದಲ್ಲಿ.

ಭಾಷೆಯ ದೋಷ

ಇದು ನಮ್ಮ ಗಡಿಯವರಿಗೆ ವಿಶೇಷವಾಗಿ ಸಂಬಂಧಪಟ್ಟದ್ದು. ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ ಕೊಂಕಣಿಯೋ ಮರಾಠಿಯೋ. ಶಾಲೆಯಲ್ಲಿ ಪುಸ್ತಕದ ಕನ್ನಡ. ಆಫೀಸು, ಪಂಚಾಯತು, ಬಸ್ಸಿನಲ್ಲಿ ಮಲಯಾಳ. ಬೀದಿಯಲ್ಲಿ ನಿಂತು ನಾಲ್ಕು ಭಾಷೆ ಆಡುವವನು ಗ್ರಾಮಸಭೆಯಲ್ಲಿ ಬಾಯಿ ಮುಚ್ಚಿ ಕೂತರೆ ಅದು ಯಾವ ದೋಷ?

ಹೇಳಬೇಕಾದ ವಿಷಯವನ್ನು, ಉದಾಹರಣೆಗೆ ಮಳೆಗಾಲದಲ್ಲಿ ತೋಟಕ್ಕೆ ನುಗ್ಗುವ ರಸ್ತೆಯ ನೀರು, ಮೊದಲು ಪಕ್ಕದಲ್ಲಿ ಕೂತವರಿಗೆ ಮನೆಮಾತಿನಲ್ಲಿ ಹೇಳಲಿ. ಆಮೇಲೆ ಅದನ್ನೇ ಮನೆಮಾತು ಬಲ್ಲ ಆರೇಳು ಜನರ ಗುಂಪಿಗೆ ಹೇಳಲಿ. ಆಮೇಲೆ ಅದೇ ಗುಂಪಿಗೆ ಮಲಯಾಳದಲ್ಲಿ. ಎರಡನೇ ಮೆಟ್ಟಿಲಲ್ಲೇ ಸ್ವರ ಇಳಿದರೆ ಹೆದರಿಕೆ. ಮೂರನೆಯದರಲ್ಲಿ ಮಾತ್ರ ತಡವರಿಸಿದರೆ ಭಾಷೆ.

ಭಾಷೆಯ ದೋಷಕ್ಕೆ ಧೈರ್ಯದ ಮದ್ದು ಕೊಡುವುದು ವ್ಯರ್ಥ. ‘ಹೆದರಬೇಡ, ಮಾತಾಡು’ ಎಂದರೆ ಇಲ್ಲದ ಪದ ಎಲ್ಲಿಂದ ಬರಬೇಕು? ಕನ್ನಡದಲ್ಲೇ ಮಾತಾಡಿ, ಪಂಚಾಯತು ಮೆಂಬರಿಗೆ ಗೊತ್ತಾಗದಿದ್ದರೆ ಪಕ್ಕದವರು ತಿಳಿಸಲಿ. ಬರೆದು ಕೊಡುವುದೂ ದಾರಿಯೇ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಇಲ್ಲಿಯ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಅವಕಾಶ ಇಟ್ಟಿತು.

ಆದರೆ ಎರಡೂ ಕಲಸಿಕೊಂಡ ಕೇಸುಗಳು ಬೇಕಾದಷ್ಟು. ಮಲಯಾಳ ಚೆನ್ನಾಗಿಯೇ ಬರುತ್ತದೆ, ಆದರೆ ಉಚ್ಚಾರ ಕೇಳಿ ಯಾರಾದರೂ ನಕ್ಕಾರು ಎಂಬ ಅಳುಕು. ಮಂಗಳೂರಿಗೆ ಓದಲು ಹೋದ ನಮ್ಮ ಮಕ್ಕಳಿಗೆ ‘ನಿಮ್ಮದು ಮಲಯಾಳದ ಕನ್ನಡ’ ಎಂಬ ಮಾತಿನ ಅಳುಕು. ಇಲ್ಲಿ ಪದ ಕಮ್ಮಿ ಇಲ್ಲ, ನಗುತ್ತಾರೆ ಎಂಬ ಲೆಕ್ಕಾಚಾರ ಇದೆ. ಇದನ್ನು ಹೆದರಿಕೆಯ ಖಾತೆಗೇ ಹಾಕಿ.

ತಾಳಮದ್ದಳೆಯಲ್ಲಿ ಬರುತ್ತದೆ, ಧನ್ಯವಾದಕ್ಕೆ ಬರುವುದಿಲ್ಲ

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸೀಮೆ ಇದು. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ತಾಳಮದ್ದಳೆ; ಅದರಲ್ಲಿ ಪಾತ್ರವಾಗಿ ಅರ್ಥ ಹೇಳುವ, ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಬಂದ ನೆಲ. ಹಳ್ಳಿ ಹಳ್ಳಿಯಲ್ಲಿ ಅರ್ಥ ಹೇಳುವವರು ಸಿಗುತ್ತಾರೆ. ಅವರಲ್ಲೇ ಒಂದು ವಿಚಿತ್ರ ನೋಡಬಹುದು. ಭಾಗವತರು ಪದ್ಯ ಮುಗಿಸಿದ್ದೇ ತಡ, ಕರ್ಣನಾಗಿ ಅರ್ಧ ಗಂಟೆ ನಿರರ್ಗಳ. ಎದುರಿನ ಕೃಷ್ಣ ಏನೇ ಕೇಳಲಿ, ಸ್ಥಳದಲ್ಲೇ ಉತ್ತರ. ಕೈಯಲ್ಲಿ ಚೀಟಿ ಇಲ್ಲ. ಕಾರ್ಯಕ್ರಮ ಮುಗಿದು ‘ಅಣ್ಣ, ಸಂಘದ ಪರವಾಗಿ ಎರಡು ಮಾತು’ ಎಂದರೆ ಅದೇ ಮನುಷ್ಯ ಶಾಲಿನ ತುದಿ ತಿರುಪುತ್ತಾ ‘ನನಗೆ ಅದೆಲ್ಲ ಆಗ್ಲಿಕ್ಕಿಲ್ಲ’ ಎನ್ನುತ್ತಾರೆ.

ದೋಷ ಹುಡುಕುವವನಿಗೆ ಇದರಷ್ಟು ಉಪಕಾರದ ಗುರುತು ಬೇರೆ ಇಲ್ಲ. ಸ್ವರ ಸರಿ ಉಂಟು, ನೆನಪು ಸರಿ ಉಂಟು, ಪದಸಂಪತ್ತು ಉಂಟು, ಜನರೂ ಅವರೇ. ತಾಳಮದ್ದಳೆಯಲ್ಲಿ ಬಣ್ಣ ಇಲ್ಲ, ಕಿರೀಟ ಇಲ್ಲ, ಮುಖ ಮರೆಸುವಂಥದ್ದು ಏನೂ ಇಲ್ಲ. ಬದಲಾದದ್ದು ಒಂದೇ: ಅಲ್ಲಿ ತಪ್ಪಿದರೆ ಕರ್ಣ ತಪ್ಪಿದ, ಇಲ್ಲಿ ತಪ್ಪಿದರೆ ನಾನು ತಪ್ಪಿದೆ. ಅಂದರೆ ಹೆದರಿಕೆ ಇರುವುದು ಮಾತಿನ ಮೇಲಲ್ಲ, ಜನ ‘ನನ್ನನ್ನು’ ತೂಗಿ ನೋಡುತ್ತಾರೆ ಎಂಬುದರ ಮೇಲೆ.

ನೀವು ಅರ್ಥಧಾರಿ ಆಗಬೇಕಿಲ್ಲ. ತರಗತಿಯಲ್ಲಿ ಪಾಠ ಮಾಡುವ ಟೀಚರ್ ಸಹೋದ್ಯೋಗಿಗಳ ಎದುರು ಒದ್ದಾಡುವುದು, ಭಜನೆಯಲ್ಲಿ ಗಟ್ಟಿಯಾಗಿ ಹಾಡುವವರು ಪರಿಚಯ ಹೇಳಲು ತಡವರಿಸುವುದು, ಎಲ್ಲ ಇದೇ ಜಾತಿ. ಯಾವ ಜಾಗದಲ್ಲಿ ನಿಮ್ಮ ಮಾತು ಸಲೀಸು ಎಂದು ಒಂದು ಕಾಗದದಲ್ಲಿ ಬರೆಯಿರಿ. ಆ ಜಾಗಕ್ಕೂ ಮಾತು ನಿಲ್ಲುವ ಜಾಗಕ್ಕೂ ಇರುವ ವ್ಯತ್ಯಾಸದಲ್ಲೇ ದೋಷ ಸಿಗುತ್ತದೆ.

ಯಾವ ಹೊತ್ತಿಗೆ ಜಾಸ್ತಿ?

ಹೆಚ್ಚಿನವರಿಗೆ ಹೆದರಿಕೆ ತುದಿ ಮುಟ್ಟುವುದು ಮಾತು ಶುರುವಾಗುವ ಆಸುಪಾಸು. ಕೆಲವು ನಿಮಿಷ ಕಳೆದರೆ ತಾನಾಗಿ ಇಳಿಯುತ್ತದೆ. ಇಳಿಯುವ ಜಾತಿಯದ್ದಾದರೆ ಮೊದಲ ಎರಡು ವಾಕ್ಯವನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ, ಉಳಿದದ್ದು ನಡೆಯುತ್ತದೆ.

ಮಾತಾಡುವಾಗ ಸರಿಯಾಗಿದ್ದು ‘ಪ್ರಶ್ನೆ ಉಂಟಾ?’ ಎಂದಾಗ ಎದೆ ಹೊಡೆದುಕೊಂಡರೆ ಅದು ಬೇರೆ. ಗೊತ್ತಿಲ್ಲ ಎಂದು ಹೇಳಬೇಕಾದೀತು ಎಂಬ ಹೆದರಿಕೆ ಅದು. ಹದಿನೈದು ದಿನ ಮೊದಲೇ ನಿದ್ದೆ ಕೆಟ್ಟು, ವೇದಿಕೆಯಲ್ಲಿ ಹೇಗೋ ಮುಗಿಸಿ, ಮನೆಗೆ ಬಂದು ಪ್ರತಿಯೊಂದು ಮಾತನ್ನೂ ರಾತ್ರಿಯಿಡೀ ತಿರುವಿ ಹಾಕುವವರೂ ಇದ್ದಾರೆ. ಹೊರಗಿನವರಿಗೆ ಇವರು ಒಳ್ಳೆಯ ಭಾಷಣಕಾರರು. ಇವರನ್ನು ಯಾರೂ ಗುರುತಿಸುವುದಿಲ್ಲ, ಸಲಹೆ ಕೇಳಲು ಇವರ ಹತ್ತಿರವೇ ಹೋಗುತ್ತಾರೆ.

ಬೇರೆ ಕಾರಣಗಳನ್ನು ಬದಿಗೆ ಸರಿಸಿ

ಮನೆಯಲ್ಲಿ ಸುಮ್ಮನೆ ಕೂತಾಗಲೂ ಎದೆ ಬಡಿತ ಜೋರು, ಕೈ ನಡುಕ, ತೂಕ ಇಳಿಯುವುದು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ದಮ್ಮಿಗೆ ಸಾಲ್‌ಬುಟಮಾಲ್ ಇನ್‌ಹೇಲರ್ ಎಳೆದ ಮೇಲೂ ಕೈ ನಡುಗುವುದುಂಟು. ಊಟ ಬಿಟ್ಟು, ಮೂರು ಸಲ ಕಾಫಿ ಕುಡಿದು ವೇದಿಕೆ ಹತ್ತಿದರೆ ನಡುಕಕ್ಕೆ ಬೇರೆ ಕಾರಣ ಹುಡುಕಬೇಡಿ. ಮೆಟ್ಟಿಲು ಹತ್ತುವಾಗ ಎದೆನೋವು ಬರುತ್ತದಾದರೆ ಈ ಕೈಪಿಡಿ ಮಡಚಿಟ್ಟು ಡಾಕ್ಟರ ಹತ್ತಿರ ಹೋಗಿ.

ಚಿಕ್ಕಂದಿನಿಂದ ಕೆಲವು ಅಕ್ಷರಗಳ ಮೇಲೆ ಮಾತು ಸಿಕ್ಕಿಕೊಳ್ಳುತ್ತಿದ್ದರೆ ಅದು ಉಗ್ಗು. ಅದಕ್ಕೆ ಸ್ಪೀಚ್ ಥೆರಪಿಸ್ಟ್ ಬೇಕು, ಧೈರ್ಯದ ಭಾಷಣ ಬೇಡ.

ಇನ್ನು ಮೈಕ್. ನಮ್ಮ ಸೆಟ್ಟುಗಳಲ್ಲಿ ಕೂಗುವ ಸದ್ದು, ಎಕೋ ಮಾಮೂಲು. ತನ್ನದೇ ಸ್ವರ ತಡವಾಗಿ ಕಿವಿಗೆ ಬಂದರೆ ಎಂಥವರೂ ತಡವರಿಸುತ್ತಾರೆ. ಮೊದಲೇ ಹೋಗಿ ಎರಡು ಮಾತು ಆಡಿ ನೋಡಿ.

ಹೊರಗೆ ಎಷ್ಟು ಕಾಣುತ್ತದೆ?

ಹೆದರುವವರೆಲ್ಲ ನಂಬುವ ಒಂದು ಮಾತಿದೆ: ‘ನನ್ನ ನಡುಕ ಕೊನೆಯ ಸಾಲಿನವರಿಗೂ ಕಂಡಿತು.’ ಇದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸವಿಟ್ಸ್ಕಿ ಮತ್ತು ಗಿಲೋವಿಚ್ 2003ರಲ್ಲಿ ಪರೀಕ್ಷೆ ಮಾಡಿ ಪ್ರಕಟಿಸಿದರು. ಮಾತಾಡಿದವರು ತಾವು ಎಷ್ಟು ಗಾಬರಿಯಾಗಿ ಕಂಡೆವು ಎಂದುಕೊಂಡಿದ್ದರೋ, ಕೇಳುಗರಿಗೆ ಅಷ್ಟು ಕಂಡಿರಲಿಲ್ಲ. ‘ಒಳಗಿನ ಗಾಬರಿ ಹೊರಗೆ ಅಷ್ಟು ಕಾಣುವುದಿಲ್ಲ’ ಎಂದು ಮೊದಲೇ ಕೇಳಿ ತಿಳಿದುಕೊಂಡಿದ್ದವರು ಇನ್ನೂ ಚೆನ್ನಾಗಿ ಮಾತಾಡಿದರು.

ಇದನ್ನು ನೀವೂ ಮಾಡಬಹುದು. ಎರಡು ನಿಮಿಷದ ಮಾತನ್ನು ಫೋನಿನಲ್ಲಿ ವಿಡಿಯೋ ಮಾಡಿಸಿ. ನೋಡುವ ಮೊದಲು ಹತ್ತರಲ್ಲಿ ಎಷ್ಟು ಗಾಬರಿ ಕಂಡೀತು ಎಂದು ಬರೆದಿಡಿ. ನೋಡಿದ ಮೇಲೆ ಪುನಃ ಬರೆಯಿರಿ. ಮನೆಯವರಲ್ಲದ ಒಬ್ಬರಿಗೆ ತೋರಿಸಿ ಅವರ ಅಂಕವನ್ನೂ ಕೇಳಿ. ಮೂರೂ ಅಂಕ ಹತ್ತಿರ ಹತ್ತಿರ ಇದ್ದರೆ ತಯಾರಿ, ಉಸಿರು, ವೇಗ ಸರಿಮಾಡುವ ಕೆಲಸ ಉಂಟು. ನಿಮ್ಮದು ಎಂಟು, ಅವರದು ಮೂರು ಎಂದಾದರೆ ಕೆಡುಕು ನಿಮ್ಮ ಅಳತೆಯಲ್ಲೇ.

ನಡುಕ ನಿಜವಾಗಿ ಕಾಣುವ ಒಂದು ಜಾಗ ಮಾತ್ರ ಇದೆ, ಕೈಯಲ್ಲಿ ಹಿಡಿದ ದೊಡ್ಡ ಹಾಳೆ. ಅದು ಪಟಪಟ ಅನ್ನುತ್ತದೆ. ದಪ್ಪ ಕಾರ್ಡಿನಲ್ಲಿ ಬರೆದುಕೊಳ್ಳಿ.

ದೋಷ ಹೆದರಿಕೆಯೇ ಎಂದು ಗೊತ್ತಾದ ಮೇಲೆ

ತಪ್ಪಿಸಿಕೊಳ್ಳುವುದನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸುವುದೇ ಕೆಲಸ. ವರದಿ ಬರೆಯುವ ಅಕ್ಕನಂಥವರು ಮೊದಲು ಕೂತಲ್ಲೇ ಎರಡು ಸಾಲು ಓದಲಿ. ಆಮೇಲೆ ಪೂರ್ತಿ ವರದಿ. ಆಮೇಲೆ ಎದ್ದು ನಿಂತು. ಆಮೇಲೆ ಪುಸ್ತಕ ಮುಚ್ಚಿ ಒಂದು ವಿಷಯ. ಒಂದು ಮೆಟ್ಟಿಲಲ್ಲಿ ಎದೆ ಬಡಿತ ಇಳಿಯುವವರೆಗೆ ಅಲ್ಲೇ ಇರಬೇಕು, ನಡುವಿನಲ್ಲಿ ಓಡಿಬಂದರೆ ಹಿಂದಿನ ‘ಅಬ್ಬ’ ಪುನಃ ಗೆಲ್ಲುತ್ತದೆ. ತಲೆ ತಗ್ಗಿಸಿ ಓದುವುದು, ರೈಲಿನ ವೇಗದಲ್ಲಿ ಮುಗಿಸುವುದು, ಇವೂ ತಪ್ಪಿಸಿಕೊಳ್ಳುವ ಉಪಾಯಗಳೇ. ಒಂದೊಂದಾಗಿ ಬಿಡಿ.

ಹೆದರಿಕೆ 6 ತಿಂಗಳು ದಾಟಿ, ಕೆಲಸಕ್ಕೋ ಓದಿಗೋ ಅಡ್ಡ ಬರುತ್ತಿದ್ದರೆ ಮನೋವೈದ್ಯರು ಅದನ್ನು ಸಾಮಾಜಿಕ ಆತಂಕ ಎಂದು ಪರಿಗಣಿಸುತ್ತಾರೆ. ವೇದಿಕೆಯಲ್ಲಿ ಮಾತ್ರ ಬರುವುದು, ಮದುವೆಮನೆ ಅಂಗಡಿ ಎಲ್ಲೆಡೆ ಬರುವುದು ಎಂದು ಅದರಲ್ಲೂ ವ್ಯತ್ಯಾಸ ಮಾಡುತ್ತಾರೆ. ಯೋಚನೆ ಮತ್ತು ನಡವಳಿಕೆ ಎರಡನ್ನೂ ತಿದ್ದುವ ಸಿಬಿಟಿ ಎಂಬ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ಯಾರೋ ಕೊಟ್ಟರೆಂದು ಪ್ರೊಪ್ರನೊಲಾಲ್ ಮಾತ್ರೆ ನುಂಗಬೇಡಿ. ಅದು ಎದೆ ಬಡಿತ ಇಳಿಸುವುದು ಹೌದು, ಆದರೆ ದಮ್ಮು ಇರುವವರಿಗೆ ಅಪಾಯ. ಡಾಕ್ಟರ್ ಬರೆದರೆ ಮಾತ್ರ.

ಒಮ್ಮೆ ಸರಿಯಾದದ್ದು ಪುನಃ ಬಂದರೆ

ಬರುತ್ತದೆ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ನಮ್ಮ ಕಡೆ ದೊಡ್ಡ ಕಾರ್ಯಕ್ರಮಗಳು ಕಡಿಮೆ. ಅಷ್ಟು ತಿಂಗಳು ಮೈಕ್ ಮುಟ್ಟದೆ ದೀಪಾವಳಿಯ ಹೊತ್ತಿಗೆ ಒಮ್ಮೆಲೇ ದೊಡ್ಡ ಸಭೆಗೆ ನಿಂತರೆ ಹಳೆಯ ನಡುಕ ಕಾಣಿಸಿಕೊಳ್ಳುವುದು ಸಹಜ. ಕಲಿತದ್ದೆಲ್ಲ ಹಾಳಾಯಿತು ಎಂದಲ್ಲ. ಎರಡು ಮೆಟ್ಟಿಲು ಕೆಳಗಿನಿಂದ ಶುರು ಮಾಡಿ, ಈ ಸಲ ಬೇಗ ಹತ್ತುತ್ತೀರಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಜನ ಕಮ್ಮಿ ಸೇರುವ ಲೈಬ್ರರಿ ಕೂಟಗಳಿಗೆ ಹೆಸರು ಕೊಟ್ಟಿಡುವುದು ಇದಕ್ಕೇ. ಆ ಹತ್ತು ಹನ್ನೆರಡು ಜನರ ಎದುರು ತಿಂಗಳಿಗೊಮ್ಮೆ ಎರಡು ಮಾತು ಆಡುತ್ತಿದ್ದರೆ ಸಾಕು.